ಅರಸನ ಹೆಸರಿನ ಆಣೆ: ಕ್ವಿಬೆಕ್ ಸಭೆಯ ಬಾಗಿಲಲ್ಲಿ ತಡೆಯಲ್ಪಟ್ಟ ಮೂವರು ಶಾಸಕರು

2022ರ ಡಿಸೆಂಬರ್ 1ರಂದು, ಕೆನಡಾದ ಫ್ರೆಂಚ್ ನುಡಿಯ ಪ್ರಾಂತ್ಯವಾದ ಕ್ವಿಬೆಕ್‌ನ ರಾಜಧಾನಿ ಕ್ವಿಬೆಕ್ ನಗರದಲ್ಲಿ, ಎರಡು ತಿಂಗಳ ಹಿಂದಷ್ಟೇ ಗೆದ್ದುಬಂದಿದ್ದ ಮೂವರು ಶಾಸಕರು ತಮ್ಮ ಶಾಸನಸಭೆಯ ಬಾಗಿಲಿಗೆ ಹೋದರು. ನಮ್ಮ ವಿಧಾನಸಭೆಗೆ ಮಾರ್ಷಲ್ ಇರುವ ಹಾಗೆ ಅಲ್ಲಿ ಸಾರ್ಜೆಂಟ್-ಅಟ್-ಆರ್ಮ್ಸ್ ಎಂಬ ಅಧಿಕಾರಿ ಇರುತ್ತಾರೆ. ಆಕೆ ಅಡ್ಡ ನಿಂತು, ನಿಮಗೆ ಪ್ರವೇಶವಿಲ್ಲ ಎಂದರು. ಮೂವರೂ ಹಿಂದಿರುಗಿದರು. ಅವರು ಗೆದ್ದದ್ದರ ಬಗ್ಗೆ ತಕರಾರಿರಲಿಲ್ಲ. ಒಂದು ವಾಕ್ಯ ಹೇಳಲು ಒಪ್ಪಿರಲಿಲ್ಲ, ಅಷ್ಟೆ.

ಆ ವಾಕ್ಯ 1867ರ ಕೆನಡಾ ಸಂವಿಧಾನ ಕಾಯ್ದೆಯ ಐದನೇ ಅನುಸೂಚಿಯಲ್ಲಿದೆ. ಬ್ರಿಟನ್ನಿನ ಅರಸನೇ ಕೆನಡಾದ ಅರಸನೂ ಹೌದು. ಆ ಅರಸನಿಗೆ ವಿಧೇಯನಾಗಿದ್ದು ನಿಜವಾದ ನಿಷ್ಠೆ ತೋರುತ್ತೇನೆಂಬ ಪ್ರಮಾಣ ಅದು. ಅಂದು ವಿಕ್ಟೋರಿಯಾ ರಾಣಿಯ ಹೆಸರಿತ್ತು. ಪಟ್ಟ ಬದಲಾದಂತೆ ಹೆಸರು ಬದಲಾಗುತ್ತ ಬಂತು. 2022ರ ಸೆಪ್ಟೆಂಬರ್ 8ರಂದು ಎರಡನೇ ಎಲಿಜಬೆತ್ ತೀರಿಕೊಂಡ ಮೇಲೆ ಅಲ್ಲಿ ಮೂರನೇ ಚಾರ್ಲ್ಸ್ ಹೆಸರು ಬಂತು. ಅದೇ ಕಾಯ್ದೆಯ 128ನೇ ವಿಧಿಯ ಪ್ರಕಾರ, ಪ್ರಾಂತ್ಯದ ಯಾವ ಶಾಸಕನೇ ಆಗಲಿ, ಈ ಪ್ರಮಾಣ ಮಾಡದೆ ಸದನದಲ್ಲಿ ಕೂರುವಂತಿರಲಿಲ್ಲ.

ಆಣೆ-ಪ್ರಮಾಣವನ್ನು ಹಗುರವಾಗಿ ಕಾಣದ ನಾಡು ನಮ್ಮದು. ಧರ್ಮಸ್ಥಳದಲ್ಲಿ ಆಣೆ ಇಡುತ್ತೇನೆ ಎಂದವನ ಮಾತನ್ನು ಇವತ್ತಿಗೂ ಊರಿನವರು ಬೇರೆಯೇ ತೂಕದಲ್ಲಿ ಕೇಳುತ್ತಾರೆ. ಹಾಗಾಗಿ, "ಒಂದು ಔಪಚಾರಿಕ ವಾಕ್ಯ, ಹೇಳಿಬಿಟ್ಟರೆ ಏನಾಯಿತು?" ಎಂದು ಆ ದಿನಗಳಲ್ಲಿ ಹಲವರು ಎತ್ತಿದ ಪ್ರಶ್ನೆ ನನಗೆ ಸರಿ ಅನ್ನಿಸಲಿಲ್ಲ. ಒಬ್ಬರ ನಾಲಿಗೆಯ ಮೇಲೆ ಯಾವ ಮಾತು ಕೂರಬೇಕು ಎಂದು ಇನ್ನೊಬ್ಬರು ತೀರ್ಮಾನಿಸುವುದು ಸಣ್ಣ ಸಂಗತಿಯಲ್ಲ. ತಮ್ಮ ನುಡಿಗಾಗಿ 250 ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದ ಜನಕ್ಕಂತೂ ಅಲ್ಲವೇ ಅಲ್ಲ.

ಮೂರೇ ಸ್ಥಾನದ ಪಕ್ಷ

ಅಕ್ಟೋಬರ್ 3ರ ಚುನಾವಣೆಯಲ್ಲಿ 125 ಸ್ಥಾನಗಳ ಪೈಕಿ ಆಗ ಮುಖ್ಯಮಂತ್ರಿಯಾಗಿದ್ದ ಫ್ರಾನ್ಸ್ವಾ ಲೆಗೋ ಅವರ ಪಕ್ಷ 90 ಗೆದ್ದಿತು. 1968ರಲ್ಲಿ ಹುಟ್ಟಿ, ಹಲವು ಬಾರಿ ಅಧಿಕಾರ ಹಿಡಿದು, ಎರಡು ಸಲ ಪ್ರತ್ಯೇಕ ದೇಶಕ್ಕಾಗಿ ಜನಮತಗಣನೆ ನಡೆಸಿದ ಪಾರ್ಟಿ ಕ್ವಿಬೆಕ್ವಾಗೆ ದಕ್ಕಿದ್ದು ಮೂರು. ಆ ಮೂವರಲ್ಲಿ ಒಬ್ಬರು ಪಕ್ಷದ ನಾಯಕ ಪೋಲ್ ಸೇಂಟ್-ಪಿಯೇರ್ ಪ್ಲಾಮೊಂಡನ್. ಅವರು ಗೆದ್ದ ಮಾಂಟ್ರಿಯಾಲ್ ಕ್ಷೇತ್ರದ ಹೆಸರು ಕಮೀಲ್-ಲೊರಾಂ. 1977ರ ಫ್ರೆಂಚ್ ಭಾಷಾ ಸನ್ನದನ್ನು ರೂಪಿಸಿದ ಮಂತ್ರಿಯ ಹೆಸರನ್ನೇ ಆ ಕ್ಷೇತ್ರಕ್ಕೆ ಇಡಲಾಗಿದೆ.

ಅರಸನಿಗೆ ಪ್ರಮಾಣ ಮಾಡುವುದಿಲ್ಲ ಎಂದು ಪ್ಲಾಮೊಂಡನ್ ಚುನಾವಣೆ ಮುಗಿದ ಕೆಲವೇ ದಿನಗಳಲ್ಲಿ ಘೋಷಿಸಿದರು. ಜನರಿಗೂ ಅರಸನಿಗೂ ಏಕಕಾಲಕ್ಕೆ ನಿಷ್ಠನಾಗಿರುವುದು ಸಾಧ್ಯವಿಲ್ಲ ಎಂಬುದು ಅವರ ವಾದ. ಕ್ವಿಬೆಕ್‌ನಲ್ಲಿ 1982ರಿಂದ ಶಾಸಕರು ಎರಡು ಪ್ರಮಾಣ ಮಾಡುತ್ತಿದ್ದರು. ಒಂದು ಅರಸನಿಗೆ, ಇನ್ನೊಂದು ಕ್ವಿಬೆಕ್ ಜನತೆಗೆ. ಎರಡನೆಯದನ್ನು ಪಾರ್ಟಿ ಕ್ವಿಬೆಕ್ವಾದ ರೆನೆ ಲೆವೆಕ್ ಸರ್ಕಾರ ತನ್ನದೇ ಕಾನೂನಿನ ಮೂಲಕ ಸೇರಿಸಿತ್ತು. ಪ್ಲಾಮೊಂಡನ್ ಮತ್ತು ಅವರ ಇಬ್ಬರು ಸಂಗಾತಿಗಳು ಅಕ್ಟೋಬರ್ 21ರಂದು ಜನತೆಯ ಪ್ರಮಾಣವನ್ನಷ್ಟೇ ಮಾಡಿದರು. ಎಡಪಂಥೀಯ ಪಕ್ಷ ಕ್ವಿಬೆಕ್ ಸೊಲಿಡೇರ್‌ನ 11 ಮಂದಿ ಎರಡು ದಿನ ಮೊದಲೇ ಹಾಗೆ ಮಾಡಿದ್ದರು.

ಹಿಂದಿನ ಸಭೆಯ ಅಧ್ಯಕ್ಷ ಫ್ರಾನ್ಸ್ವಾ ಪಾರಾದಿ ನವೆಂಬರ್ 1ರಂದು ಉತ್ತರ ಕೊಟ್ಟರು: ಅರಸನ ಪ್ರಮಾಣ ಕಡ್ಡಾಯ, ಮಾಡದವರನ್ನು ಹೊರಗೆ ಕಳಿಸಬೇಕಾಗುತ್ತದೆ. ಕ್ವಿಬೆಕ್ ಸೊಲಿಡೇರ್ ಇಲ್ಲಿ ದಾರಿ ಬದಲಿಸಿತು. ಒಳಗೆ ಹೋದರೆ ತಾನೇ ಪ್ರಮಾಣದ ಕಡ್ಡಾಯ ತೆಗೆಯುವ ಮಸೂದೆ ಮಂಡಿಸಲು ಸಾಧ್ಯ ಎಂದು ಅದರ ಶಾಸಕರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಪ್ರಮಾಣ ಮಾಡಿದರು. ಅವರನ್ನು ನಾನು ಹಳಿಯಲಾರೆ. ಒಳಗಿದ್ದು ಬದಲಿಸುವುದೂ ಒಂದು ದಾರಿ. ಆದರೆ ನವೆಂಬರ್ ಕೊನೆಯಲ್ಲಿ ಅಧ್ಯಕ್ಷ ಪೀಠಕ್ಕೆ ಬಂದ ನತಾಲಿ ರುವಾ ಹಳೆಯ ನಿರ್ಣಯವನ್ನೇ ಎತ್ತಿಹಿಡಿದಾಗ ಬಾಗಿಲ ಹೊರಗೆ ಉಳಿದದ್ದು ಆ ಮೂವರು ಮಾತ್ರ. ಸರ್ಕಾರ ಮಸೂದೆಯನ್ನು ಅವಸರದಿಂದ ತರುವಂತಾದದ್ದು ಆ ಮೂವರು ಹೊರಗಿದ್ದ ಕಾರಣಕ್ಕೆ ಎಂದೇ ನನ್ನ ಎಣಿಕೆ.

ಒಂದು ಸಂಗತಿಯನ್ನು ಇಲ್ಲೇ ಗಮನಿಸಬೇಕು. ಈ ಪ್ರಮಾಣ ಪ್ರತ್ಯೇಕತಾವಾದವನ್ನು ಯಾವತ್ತೂ ತಡೆದಿರಲಿಲ್ಲ. ಲೆವೆಕ್ ಅದನ್ನು ಸ್ವೀಕರಿಸಿಯೇ ಮುಖ್ಯಮಂತ್ರಿಯಾಗಿ, 1980ರ ಮೇ 20ರಂದು ಕ್ವಿಬೆಕ್‌ಗೆ ಸಾರ್ವಭೌಮತ್ವ ಬೇಕೇ ಎಂದು ಜನರನ್ನು ಕೇಳಿದರು. ಶೇ 59.56ರಷ್ಟು ಮಂದಿ ಬೇಡ ಎಂದರು. ಅದೇ ಪಕ್ಷದ ಇನ್ನೊಬ್ಬ ಮುಖ್ಯಮಂತ್ರಿ ಝಾಕ್ ಪಾರಿಝೋ ಅದನ್ನೇ ಸ್ವೀಕರಿಸಿ 1995ರ ಅಕ್ಟೋಬರ್ 30ರಂದು ಮತ್ತೆ ಕೇಳಿದರು. ಶೇ 93ಕ್ಕೂ ಹೆಚ್ಚು ಮತದಾನವಾಗಿ, ಬೇಡ ಎಂದವರು ಶೇ 50.58, ಬೇಕು ಎಂದವರು ಶೇ 49.42. ಕೇವಲ 54,288 ಮತಗಳ ಅಂತರದಲ್ಲಿ ಒಂದು ದೇಶ ಹುಟ್ಟದೆ ಉಳಿಯಿತು. ನಮ್ಮಲ್ಲಿ ಹಾಗಲ್ಲ. ದ್ರಾವಿಡನಾಡಿನ ಬೇಡಿಕೆ ಎದ್ದಿದ್ದ ಕಾಲದಲ್ಲಿ, 1963ರ 16ನೇ ತಿದ್ದುಪಡಿಯು ಶಾಸಕರ ಪ್ರಮಾಣದೊಳಗೆ ಭಾರತದ ಸಾರ್ವಭೌಮತ್ವ ಮತ್ತು ಅಖಂಡತೆಯ ಮಾತನ್ನು ಸೇರಿಸಿತು. ನಮ್ಮ ಪ್ರಮಾಣ ಸಂವಿಧಾನಕ್ಕೆ ನಿಷ್ಠೆ ಕೇಳುತ್ತದೆ, ದೇಶ ಒಡೆಯುವುದಿಲ್ಲ ಎಂಬ ಮಾತನ್ನೂ ಕೇಳುತ್ತದೆ. ಕೆನಡಾದ್ದು ದೇಶದ ಬಗ್ಗೆ ಚಕಾರವನ್ನೂ ಎತ್ತದೆ ಒಬ್ಬ ವ್ಯಕ್ತಿಗೆ ನಿಷ್ಠೆ ಕೇಳುತ್ತದೆ. ದೇಶ ಒಡೆಯಲು ಹೊರಟವರೂ ಅದನ್ನು ಉಚ್ಚರಿಸಬಹುದಿತ್ತು, ಉಚ್ಚರಿಸಿದರು. ಹಾಗಾದರೆ ಅದು ಚುಚ್ಚುತ್ತಿದ್ದದ್ದು ಎಲ್ಲಿ?

ಮೂರು ಹಳೆಯ ಪ್ರಮಾಣಗಳು

ಉತ್ತರಕ್ಕೆ ಹಿಂದೆ ಹೋಗಬೇಕು. ಉತ್ತರ ಅಮೆರಿಕದ ಫ್ರೆಂಚರ ಪಾಲಿಗೆ ಬ್ರಿಟಿಷ್ ಅರಸನ ಹೆಸರಿನ ಆಣೆ ಎಂಬುದು ಊರು ಉಳಿಯುವುದೋ ಬಿಡುವುದೋ ಎಂಬ ಪ್ರಶ್ನೆಯಾಗಿತ್ತು.

ಈಗಿನ ನೋವಾ ಸ್ಕೋಶಿಯಾ ಸುತ್ತಮುತ್ತ ಅಕಾಡಿಯನ್ನರು ಎಂಬ ಫ್ರೆಂಚ್ ರೈತ ಸಮುದಾಯವಿತ್ತು. ಕಡಲು ನುಗ್ಗುವ ಜವುಗು ನೆಲಕ್ಕೆ ಒಡ್ಡು ಕಟ್ಟಿ ಗದ್ದೆ ಮಾಡಿಕೊಂಡವರು. ಬ್ರಿಟಿಷರ ಆಳ್ವಿಕೆಯಲ್ಲಿ, ನಾವು ಯಾರ ಪರವಾಗಿಯೂ ಆಯುಧ ಹಿಡಿಯುವುದಿಲ್ಲ ಎಂಬ ಷರತ್ತಿನ ನಿಷ್ಠೆಗೆ ಅವರು ಸಿದ್ಧರಿದ್ದರು. 1755ರ ಬೇಸಿಗೆಯಲ್ಲಿ ಹ್ಯಾಲಿಫ್ಯಾಕ್ಸ್‌ನ ಆಡಳಿತ ಷರತ್ತಿಲ್ಲದ ಪ್ರಮಾಣ ಕೇಳಿತು. ಅವರ ಪ್ರತಿನಿಧಿಗಳು ಒಪ್ಪಲಿಲ್ಲ. ಜುಲೈ 28ರಂದು ಗಡೀಪಾರಿನ ನಿರ್ಧಾರವಾಯಿತು. ಮುಂದಿನ ಎಂಟು ವರ್ಷಗಳಲ್ಲಿ 10,000ಕ್ಕೂ ಹೆಚ್ಚು ಜನರನ್ನು ಹಡಗಿಗೆ ತುಂಬಿ ಸಾಗಿಸಲಾಯಿತು. ಮನೆಗಳಿಗೆ ಬೆಂಕಿ ಇಟ್ಟರು, ಕುಟುಂಬಗಳು ಹರಿದು ಹಂಚಿಹೋದವು. ಅವರಲ್ಲಿ ಕೆಲವರು ಅಲೆದಲೆದು ಕೊನೆಗೆ ಲೂಸಿಯಾನಾ ಸೇರಿದರು. ಅಲ್ಲಿ ಅವರ ಫ್ರೆಂಚ್ ತಲೆಮಾರಿನಿಂದ ತಲೆಮಾರಿಗೆ ಕರಗಿದ ಬಗೆಯನ್ನು ಕ್ವಿಬೆಕ್‌ನ ಜನ ಇಂದಿಗೂ ಎಚ್ಚರಿಕೆಯಾಗಿ ಹೇಳಿಕೊಳ್ಳುತ್ತಾರೆ.

ಎರಡನೆಯದು ಇದಕ್ಕೆ ತೀರ ವಿರುದ್ಧ. 1759ರಲ್ಲಿ ಕ್ವಿಬೆಕ್ ನಗರ ಬ್ರಿಟಿಷರಿಗೆ ಸೋತಿತು, 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸ್ ಇಡೀ ವಸಾಹತನ್ನು ಬಿಟ್ಟುಕೊಟ್ಟಿತು. ಆಗ ಬ್ರಿಟಿಷ್ ಆಳ್ವಿಕೆಯಲ್ಲಿ ಸರ್ಕಾರಿ ಹುದ್ದೆ ಬೇಕೆಂದರೆ ಕ್ಯಾಥೊಲಿಕ್ ಧರ್ಮದ ಮೂಲ ನಂಬಿಕೆಯನ್ನೇ ಅಲ್ಲಗಳೆಯುವ ಪ್ರಮಾಣ ಮಾಡಬೇಕಿತ್ತು. ಹಾಗೆ ಮಾಡುವ ಫ್ರೆಂಚ್ ಕ್ಯಾಥೊಲಿಕ್ ಎಲ್ಲಿ ಸಿಗುತ್ತಾನೆ? ದಕ್ಷಿಣದ ಅಮೆರಿಕನ್ ವಸಾಹತುಗಳು ದಂಗೆಯ ಅಂಚಿನಲ್ಲಿದ್ದಾಗ, 1774ರ ಕ್ವಿಬೆಕ್ ಕಾಯ್ದೆ ಬಂತು. ಧರ್ಮದ ಮಾತು ತೆಗೆದು, ಅರಸ ಜಾರ್ಜ್‌ಗೆ ನಿಷ್ಠೆಯನ್ನಷ್ಟೇ ಕೇಳುವ ಹೊಸ ಪ್ರಮಾಣ ಕೊಟ್ಟಿತು, ಫ್ರೆಂಚ್ ಸಿವಿಲ್ ಕಾನೂನನ್ನು ಮರಳಿಸಿತು. ಕ್ವಿಬೆಕ್‌ನಲ್ಲಿ ಫ್ರೆಂಚ್ ಉಳಿದದ್ದಕ್ಕೆ ಈ ಕಾಯ್ದೆಯೂ ಒಂದು ಕಾರಣ ಎಂಬುದನ್ನು ಪ್ರತ್ಯೇಕತಾವಾದಿಗಳು ಸುಲಭವಾಗಿ ಒಪ್ಪುವುದಿಲ್ಲ. ಆದರೆ ನಿಜ ಅದೇ. ಅರಸನಿಗೆ ನಿಷ್ಠೆ ಎಂಬ ಸಾಲು, ತಮ್ಮ ದೇವರನ್ನೂ ಕಾನೂನನ್ನೂ ಉಳಿಸಿಕೊಳ್ಳಲು ಆ ಜನ ಕೊಟ್ಟ ಬೆಲೆಯಾಗಿತ್ತು. ಬೆಲೆ ಅಂದಿಗೆ ಕಡಿಮೆಯೇ.

ಮೂರನೆಯದು 1807ರದು. ತ್ರುವಾ-ರಿವಿಯೇರ್ ಊರಿನಿಂದ ಎಝೆಕಿಯೆಲ್ ಹಾರ್ಟ್ ಎಂಬ ಯಹೂದಿ ವ್ಯಾಪಾರಿ ಶಾಸನಸಭೆಗೆ ಗೆದ್ದುಬಂದ. ಕ್ರೈಸ್ತನ ನಿಜ ನಂಬಿಕೆಯ ಮೇಲೆ ಎಂಬ ಮಾತಿದ್ದ ಪ್ರಮಾಣವನ್ನು ತನ್ನ ಧರ್ಮಕ್ಕೆ ತಕ್ಕಂತೆ ಬದಲಿಸಿ, ತಲೆ ಮುಚ್ಚಿಕೊಂಡು ಸ್ವೀಕರಿಸಿದ. ಸಭೆ ಅವನನ್ನು ಹೊರಹಾಕಿತು. ಜನ ಮತ್ತೆ ಗೆಲ್ಲಿಸಿದರು, ಸಭೆ ಮತ್ತೆ ಹೊರಹಾಕಿತು. ಆ ಸಭೆಯಲ್ಲಿ ಬಹುಮತವಿದ್ದದ್ದು ಫ್ರೆಂಚರಿಗೆ. ಹಾರ್ಟ್ ಇಂಗ್ಲಿಷರ ಪಕ್ಷ ಸೇರುತ್ತಾನೆಂಬ ಶಂಕೆ ಅವರಿಗೆ. ಅದೇ ಪ್ರಾಂತ್ಯ 1832ರಲ್ಲಿ ಯಹೂದಿಗಳಿಗೆ ಸಮಾನ ಹಕ್ಕು ಕೊಟ್ಟಿತು ಎಂಬುದನ್ನೂ ಹೇಳಬೇಕು. ಆದರೂ 2022ರ ಆ ಬಾಗಿಲನ್ನು ನೆನೆದಾಗಲೆಲ್ಲ ನನಗೆ ಹಾರ್ಟ್ ನೆನಪಾಗುತ್ತಾನೆ. ಅಂದು ಪ್ರಮಾಣದ ಪದ ಹಿಡಿದು ಬಾಗಿಲು ಮುಚ್ಚಿದ್ದು ಫ್ರೆಂಚ್ ಬಹುಮತವೇ.

ರಾಣಿಗೆ ಬೆನ್ನು ತೋರಿಸಿದ ದಿನ

ಅರಸೊತ್ತಿಗೆಯ ಮೇಲಿನ ಸಿಟ್ಟು ಕ್ವಿಬೆಕ್‌ನಲ್ಲಿ ಸದಾ ಇಷ್ಟೇ ಇತ್ತು ಎಂದುಕೊಂಡರೆ ತಪ್ಪು. 1939ರ ಮೇ ತಿಂಗಳಲ್ಲಿ ಆರನೇ ಜಾರ್ಜ್ ಮತ್ತು ರಾಣಿ ಕ್ವಿಬೆಕ್ ನಗರಕ್ಕೆ ಬಂದಿಳಿದಾಗ ಜನ ಕಿಕ್ಕಿರಿದು ಸ್ವಾಗತಿಸಿದ್ದರು. 25 ವರ್ಷದ ನಂತರ, 1964ರ ಅಕ್ಟೋಬರ್ 10ರಂದು, ಅವರ ಮಗಳು ಅದೇ ನಗರಕ್ಕೆ ಬಂದಾಗ ರಸ್ತೆ ಬದಿಯಲ್ಲಿ ನಿಂತವರಲ್ಲಿ ಕೆಲವರು ಬೆನ್ನು ತಿರುಗಿಸಿದರು. ಪೊಲೀಸರು ಪ್ರತಿಭಟನಕಾರರ ಮೇಲೆ ಲಾಠಿ ಬೀಸಿದರು. ಆ ದಿನಕ್ಕೆ ಲಾಠಿಯ ಶನಿವಾರ ಎಂಬ ಹೆಸರೇ ಉಳಿಯಿತು. ಎಲಿಜಬೆತ್ ಅಂದು ಶಾಸನಸಭೆಯಲ್ಲಿ ಫ್ರೆಂಚಿನಲ್ಲೇ ಮಾತಾಡಿದ್ದರು ಎಂಬುದು ವಿಶೇಷ. ಅವರು ಫ್ರೆಂಚ್ ಬಲ್ಲವರು. ಸಿಟ್ಟು ಅವರ ಮೇಲಿನದಾಗಿರಲಿಲ್ಲ.

ಆ ಕಾಲದ ಮಾಂಟ್ರಿಯಾಲ್‌ನಲ್ಲಿ ಕಾರ್ಖಾನೆಯ ಕೂಲಿಯವನ ನುಡಿ ಫ್ರೆಂಚ್, ಮೇಲಧಿಕಾರಿಯದು ಇಂಗ್ಲಿಷ್. ದೊಡ್ಡ ಅಂಗಡಿಯಲ್ಲಿ ತನ್ನ ನುಡಿಯಲ್ಲಿ ಒಂದು ಜೊತೆ ಚಪ್ಪಲಿ ಕೇಳುವುದೂ ಕಷ್ಟವಿತ್ತು. ಕೆನಡಾ ಸರ್ಕಾರವೇ 1963ರಲ್ಲಿ ನೇಮಿಸಿದ ದ್ವಿಭಾಷಾ ಆಯೋಗ, ಕ್ವಿಬೆಕ್‌ನ ಗಂಡಸರ ಆದಾಯವನ್ನು ಮೂಲದ ಪ್ರಕಾರ ತೂಗಿ ನೋಡಿದಾಗ 14 ಜನವರ್ಗಗಳ ಪೈಕಿ ಫ್ರೆಂಚರು 12ನೆಯ ಸ್ಥಾನದಲ್ಲಿದ್ದರು. ತಮ್ಮದೇ ಪ್ರಾಂತ್ಯದಲ್ಲಿ, ತಾವೇ ಬಹುಸಂಖ್ಯಾತರಾಗಿದ್ದು! ನೋಟಿನ ಮೇಲೆ, ಅಂಚೆಚೀಟಿಯ ಮೇಲೆ, ನ್ಯಾಯಾಲಯದ ಗೋಡೆಯ ಮೇಲೆ ಇದ್ದ ರಾಣಿಯ ಮುಖ ಆ ಮೇಲಧಿಕಾರಿಯ ನುಡಿಯ ಮುಖವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. 1963ರಲ್ಲಿ ಕ್ವಿಬೆಕ್ ನಗರದ ವಿಕ್ಟೋರಿಯಾ ಪ್ರತಿಮೆಯ ತಲೆ ಸ್ಫೋಟದಲ್ಲಿ ಹಾರಿಹೋಯಿತು. ಬಾಂಬಿನ ದಾರಿಯನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸುವುದಿಲ್ಲ. 1970ರ ಅಕ್ಟೋಬರ್‌ನಲ್ಲಿ ಅದೇ ದಾರಿ ಒಬ್ಬ ಮಂತ್ರಿಯ ಅಪಹರಣ, ಕೊಲೆಯವರೆಗೆ ಹೋಯಿತು. ಚಳವಳಿಗೆ ಅದರಿಂದ ಆದದ್ದು ಕೆಡುಕೇ.

1982ರ ಏಪ್ರಿಲ್ 17ರಂದು ಒಟ್ಟಾವಾದಲ್ಲಿ ಎಲಿಜಬೆತ್ ಹೊಸ ಸಂವಿಧಾನ ಕಾಯ್ದೆಯ ಘೋಷಣೆಗೆ ಸಹಿ ಹಾಕಿದರು. ಕ್ವಿಬೆಕ್ ಸರ್ಕಾರ ಅದಕ್ಕೆ ಒಪ್ಪಿರಲಿಲ್ಲ, ಇಂದಿಗೂ ವಿಧ್ಯುಕ್ತವಾಗಿ ಒಪ್ಪಿಲ್ಲ. ಆ ಕಾಯ್ದೆಯ 41ನೇ ವಿಧಿಯ ಪ್ರಕಾರ ಅರಸೊತ್ತಿಗೆಯ ಸ್ಥಾನವನ್ನು ಬದಲಿಸಲು ಒಟ್ಟಾವಾ ಸಂಸತ್ತಿನ ಜೊತೆಗೆ ಹತ್ತೂ ಪ್ರಾಂತ್ಯಗಳ ಒಪ್ಪಿಗೆ ಬೇಕು. ಅಂದರೆ ಆ ಬೀಗ ಹೆಚ್ಚುಕಡಿಮೆ ತೆಗೆಯಲಾಗದ ಬೀಗ.

ಒಂದು ಸಾಲಿನ ಕಾನೂನು

ಬೀಗ ಹಾಗಿದ್ದರೂ ಮೂವರಿಗೆ ದಾರಿ ಸಿಕ್ಕಿದ್ದು ಹೇಗೆ ಎಂಬುದೇ ಈ ಪ್ರಕರಣದ ಕಾನೂನಿನ ಕುತೂಹಲ. ಅದೇ ಕಾಯ್ದೆಯ 45ನೇ ವಿಧಿ, ಪ್ರಾಂತ್ಯವು ತನ್ನ ಸಂವಿಧಾನವನ್ನು ತಾನೇ ತಿದ್ದಿಕೊಳ್ಳಬಹುದು ಎನ್ನುತ್ತದೆ. ಶಾಸಕರ ಪ್ರಮಾಣ ಅರಸನ ಸ್ಥಾನಕ್ಕೆ ಸೇರಿದ್ದೋ, ಸಭೆಯ ಒಳಾಡಳಿತಕ್ಕೆ ಸೇರಿದ್ದೋ? ಮೊದಲನೆಯದಾದರೆ ಹತ್ತು ಪ್ರಾಂತ್ಯಗಳು ಬೇಕು, ಎರಡನೆಯದಾದರೆ ಕ್ವಿಬೆಕ್ ಒಂದೇ ಸಾಕು. ಸರ್ಕಾರ ಎರಡನೆಯ ಅರ್ಥವನ್ನು ಹಿಡಿಯಿತು. 2022ರ ಮೇ ತಿಂಗಳಲ್ಲಿ ಒಪ್ಪಿಗೆ ಪಡೆದ 96ನೇ ಮಸೂದೆ ಇದೇ ದಾರಿಯಲ್ಲಿ, ಕ್ವಿಬೆಕ್ ಜನರು ಒಂದು ರಾಷ್ಟ್ರ, ಫ್ರೆಂಚ್ ಅವರ ಏಕೈಕ ಅಧಿಕೃತ ಭಾಷೆ ಎಂಬ ಎರಡು ಸಾಲುಗಳನ್ನು 1867ರ ಕಾಯ್ದೆಯೊಳಗೇ ಬರೆದಿತ್ತು.

ಡಿಸೆಂಬರ್ 6ರಂದು 4ನೇ ಮಸೂದೆ ಮಂಡನೆಯಾಯಿತು. 9ರಂದು ಅಂಗೀಕಾರ, ಅದೇ ದಿನ ಅಂಕಿತ. 128ನೇ ವಿಧಿ ಕ್ವಿಬೆಕ್‌ಗೆ ಅನ್ವಯಿಸುವುದಿಲ್ಲ ಎಂಬುದು ಅದರ ತಿರುಳು. ಬಾಗಿಲಲ್ಲಿ ತಡೆದು ಎಂಟು ದಿನಗಳಾಗಿತ್ತು, ಅಷ್ಟರಲ್ಲಿ 155 ವರ್ಷಗಳ ಕಡ್ಡಾಯ ಕೊನೆಗೊಂಡಿತು. ಮಸೂದೆ ಕಾನೂನಾಗಲು ಅರಸನ ಪ್ರತಿನಿಧಿಯಾದ ಲೆಫ್ಟಿನೆಂಟ್ ಗವರ್ನರ್ ಅಂಕಿತ ಹಾಕಲೇಬೇಕು, ಹಾಕಿದರು. ಅರಸನ ಹೆಸರಿನ ಅಧಿಕಾರವೇ ತನ್ನ ಹೆಸರಿನ ಆಣೆಯನ್ನು ಬಿಡಿಸಿತು. 2023ರ ಜನವರಿ 31ರಂದು ಅಧಿವೇಶನ ಮತ್ತೆ ಸೇರಿದಾಗ ಮೂವರೂ ಒಳಗೆ ಹೋಗಿ ಕುಳಿತರು.

ಪ್ಲಾಮೊಂಡನ್ ಮಾಡಿದ್ದು ಸರಿ ಎಂಬುದು ನನ್ನ ನಿಲುವು. ಆದರೆ ಇದನ್ನು ಭಾಷೆಯ ಗೆಲುವು ಎಂದು ಕರೆಯಲು ನನಗೆ ಮನಸ್ಸಿಲ್ಲ. ಸಭೆಯಲ್ಲಿ ಆ ಪ್ರಮಾಣ ಕಡ್ಡಾಯವಲ್ಲ ಎಂದಾದ ಮಾತ್ರಕ್ಕೆ ಮಾಂಟ್ರಿಯಾಲ್‌ನ ಒಂದು ಮನೆಯಲ್ಲಾದರೂ ಫ್ರೆಂಚ್ ಹೆಚ್ಚಾಗಲಿಲ್ಲ. 2021ರ ಜನಗಣತಿ ಹೇಳುವುದು ಇದು: ಕ್ವಿಬೆಕ್‌ನಲ್ಲಿ ಮನೆಯಲ್ಲಿ ಮುಖ್ಯವಾಗಿ ಫ್ರೆಂಚ್ ಆಡುವವರು 2016ರಲ್ಲಿ ಶೇ 79 ಇದ್ದದ್ದು ಶೇ 77.5ಕ್ಕೆ ಇಳಿದಿದ್ದಾರೆ. ಇಡೀ ಕೆನಡಾದಲ್ಲಿ ಶೇ 20ರಿಂದ 19.2ಕ್ಕೆ.

ಇಳಿಕೆ ಇದಕ್ಕಿಂತ ಎಷ್ಟೋ ಬೇಗ ಆಗದಂತೆ ಹಿಡಿದು ನಿಲ್ಲಿಸಿದ್ದು 1977ರ ಭಾಷಾ ಸನ್ನದು. ಅದಕ್ಕೆ ಮುಂಚೆ ವಲಸೆ ಬಂದವರ ಮಕ್ಕಳಲ್ಲಿ ಬಹುಪಾಲು ಇಂಗ್ಲಿಷ್ ಶಾಲೆ ಸೇರುತ್ತಿದ್ದರು. ಸನ್ನದು ಬಂದ ಮೇಲೆ, ತಂದೆ ಅಥವಾ ತಾಯಿ ಇಂಗ್ಲಿಷ್ ಮಾಧ್ಯಮದಲ್ಲಿ ಅಲ್ಲೇ ಪ್ರಾಥಮಿಕ ಶಾಲೆ ಕಲಿತಿದ್ದರೆ ಮಾತ್ರ ಮಗುವಿಗೆ ಸರ್ಕಾರಿ ಹಣದ ಇಂಗ್ಲಿಷ್ ಶಾಲೆ, ಉಳಿದವರಿಗೆ ಫ್ರೆಂಚ್. ಬೆಂಗಳೂರಿನಿಂದ ಹೋಗಿ ಮಾಂಟ್ರಿಯಾಲ್‌ನಲ್ಲಿ ಕಾಯಂ ನೆಲೆಸುವ ಕನ್ನಡ ಕುಟುಂಬದ ಮಗುವೂ ಫ್ರೆಂಚ್ ಶಾಲೆಗೇ ಹೋಗಬೇಕು. ಅಂಗಡಿಯ ಫಲಕ, ಸರಕಿನ ಚೀಟಿ, ಕೆಲಸದ ಕರಾರು ಎಲ್ಲಕ್ಕೂ ನಿಯಮಗಳು ಬಂದವು. 1988ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಫ್ರೆಂಚ್ ಮಾತ್ರದ ಫಲಕದ ನಿಯಮವನ್ನು ಹೊಡೆದುಹಾಕಿತು, 1993ರಲ್ಲಿ ಫ್ರೆಂಚ್ ಎದ್ದು ಕಾಣಬೇಕು, ಬೇರೆ ಭಾಷೆಯೂ ಇರಬಹುದು ಎಂಬಲ್ಲಿಗೆ ಅದು ಬಂದು ನಿಂತಿತು. ಶಾಲೆಯ ನಿಯಮದ ಬೆನ್ನೆಲುಬು ಮಾತ್ರ ಉಳಿಯಿತು. ನಮ್ಮಲ್ಲಿ ಪ್ರಾಥಮಿಕ ಹಂತಕ್ಕೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದ 1994ರ ಆದೇಶ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ಬಿದ್ದುಹೋದದ್ದನ್ನು ಓದುಗರು ಮರೆತಿರಲಾರರು. ಅಂದು ಆದ ಸಂಕಟದಿಂದಲೇ ನಾನು ಕ್ವಿಬೆಕ್ ಕಡೆಗೆ ನೋಡಲು ತೊಡಗಿದ್ದು.

ಇನ್ನೂ ಚಿಕ್ಕ ನುಡಿಗಳು

ಅರಸೊತ್ತಿಗೆಯನ್ನು ಬೇರೆ ಕಣ್ಣಿನಿಂದ ನೋಡುವವರೂ ಅಲ್ಲಿದ್ದಾರೆ. ಆದಿವಾಸಿ ಜನಾಂಗಗಳ ಎಷ್ಟೋ ಒಪ್ಪಂದಗಳು ಆದದ್ದು ಬ್ರಿಟಿಷ್ ಅರಸೊತ್ತಿಗೆಯ ಜೊತೆ. 1995ರ ಜನಮತಗಣನೆಗೆ ಆರು ದಿನ ಮುಂಚೆ ಉತ್ತರದ ಕ್ರೀ ಜನ ತಮ್ಮದೇ ಮತದಾನ ನಡೆಸಿದರು. ಕ್ವಿಬೆಕ್ ಬೇರೆಯಾದರೆ ನಾವು ಅದರೊಂದಿಗೆ ಹೋಗುವುದಿಲ್ಲ ಎಂದವರು ಶೇ 96.3. 2021ರಲ್ಲಿ ಕೆನಡಾದ ಗವರ್ನರ್ ಜನರಲ್, ಅಂದರೆ ಅರಸೊತ್ತಿಗೆಯ ಪ್ರತಿನಿಧಿ, ಆದ ಮೇರಿ ಸೈಮನ್ ಕ್ವಿಬೆಕ್‌ನ ಉತ್ತರ ತುದಿಯ ಇನುಯಿಟ್ ನಾಡಿನವರು. ಇನುಯಿಟ್ ನುಡಿಯಾದ ಇನುಕ್ಟಿಟುಟ್ ಮತ್ತು ಇಂಗ್ಲಿಷ್ ಬಲ್ಲರು, ಆಗ ಫ್ರೆಂಚ್ ಬರುತ್ತಿರಲಿಲ್ಲ. ತಾನು ಕಲಿತ ಕೇಂದ್ರ ಸರ್ಕಾರದ ಶಾಲೆಯಲ್ಲಿ ಫ್ರೆಂಚ್ ಕಲಿಯುವ ಅವಕಾಶವೇ ಇರಲಿಲ್ಲ ಎಂದು ಅವರು ಹೇಳಿದರು. ಕ್ವಿಬೆಕ್‌ನಲ್ಲಿ ಅವರ ಮೇಲೆ ಸಿಟ್ಟಾದವರ ನೋವು ನನಗೆ ತಿಳಿಯುತ್ತದೆ. ಇನುಕ್ಟಿಟುಟ್ ಆಡುವವರೊಬ್ಬರು ಆ ಹುದ್ದೆಗೆ ಏರಿದ್ದು ಅದೇ ಮೊದಲು ಎಂಬ ಸಂತೋಷವನ್ನು ಆ ಸಿಟ್ಟು ನುಂಗಿಹಾಕಿದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಪ್ರಮಾಣದ ಕಥೆ ಕ್ವಿಬೆಕ್‌ಗೆ ನಿಲ್ಲಲಿಲ್ಲ. ಮೂವರು ಶಾಸಕರ ಪಟ್ಟು ಇನ್ನೂ ನಡೆಯುತ್ತಿದ್ದಾಗ, 2022ರ ಅಕ್ಟೋಬರ್ 26ರಂದು ಒಟ್ಟಾವಾ ಸಂಸತ್ತಿನಲ್ಲಿ ಅರಸೊತ್ತಿಗೆಯ ನಂಟನ್ನೇ ಕಡಿಯೋಣ ಎಂಬ, ಕ್ವಿಬೆಕ್ ಪ್ರತ್ಯೇಕತಾವಾದಿಗಳ ಬ್ಲಾಕ್ ಕ್ವಿಬೆಕ್ವಾ ಪಕ್ಷದ ನಿರ್ಣಯ 44ಕ್ಕೆ 266 ಮತಗಳಿಂದ ಸೋತಿತ್ತು. ಆಮೇಲೆ ನೆರೆಯ ಪ್ರಾಂತ್ಯ ನ್ಯೂ ಬ್ರನ್ಸ್‌ವಿಕ್‌ನ ಸಂಸದ ರೆನೆ ಆರ್ಸೆನೋ ಅದಕ್ಕಿಂತ ಮಿತವಾದ ಮಸೂದೆಯೊಂದನ್ನು ತಂದರು. ಅರಸನಿಗೆ ಪ್ರಮಾಣ ಮಾಡಲು ಒಪ್ಪದ ಸಂಸದರು ದೇಶದ ಹಿತಕ್ಕೆ ಪ್ರಮಾಣ ಮಾಡಬಹುದು, ಬೇಕಾದವರು ಎರಡನ್ನೂ ಮಾಡಬಹುದು ಎಂಬುದಷ್ಟೇ ಅದರ ಕೋರಿಕೆ. ಆರ್ಸೆನೋ ಪ್ರತ್ಯೇಕತಾವಾದಿಯಲ್ಲ, ಆಗಿನ ಆಡಳಿತ ಪಕ್ಷದವರು. ಅವರು ಅಕಾಡಿಯನ್. ಷರತ್ತಿಲ್ಲದ ಆಣೆಗೆ ಒಪ್ಪದೆ 1755ರಲ್ಲಿ ನೆಲ ಕಳೆದುಕೊಂಡವರ ಸಂತತಿ. ಆ ಗಡೀಪಾರಿನ ನೋವನ್ನು 2003ರಲ್ಲಿ ಎಲಿಜಬೆತ್ ಹೆಸರಿನಲ್ಲೇ ಹೊರಟ ರಾಜಘೋಷಣೆಯೊಂದು ಒಪ್ಪಿಕೊಂಡು, ಜುಲೈ 28ನ್ನು ಸ್ಮರಣೆಯ ದಿನವೆಂದು ಗೊತ್ತುಮಾಡಿತ್ತು. 2024ರ ಏಪ್ರಿಲ್ 10ರಂದು ಆರ್ಸೆನೋ ಮಸೂದೆ ಮತಕ್ಕೆ ಬಂತು. ಪರ 113, ವಿರುದ್ಧ 197. ಫಲಿತಾಂಶ ಹೊರಬಿದ್ದಾಗ ಕೆಲವು ಸದಸ್ಯರು ಎದ್ದುನಿಂತು ಅರಸನನ್ನು ಹರಸುವ ಹಾಡು ಹಾಡಿದರು. ಆರ್ಸೆನೋ ಅದೇ ಸದನದಲ್ಲಿದ್ದರು.